ಕೊನೆಯ ಮಾತು ಯಾರದ್ದು? ಬೂಟ್‌ಲೋಡರ್ ಸೆಟ್ಟಿಂಗ್‌ಗಳ ಪದರಗಳ ಬಗ್ಗೆ

ಹತ್ತು ವರ್ಷಕ್ಕೂ ಹಿಂದಿನ ಮಾತು. ನಾನಿನ್ನೂ ಇಂಜಿನಿಯರ್ ಕೆಲಸದಲ್ಲಿದ್ದೆ. ಮೈಸೂರಿನ ಒಂದು ಸಣ್ಣ ಕಚೇರಿಯ ಮೂಲೆಯಲ್ಲಿ, ಝೆರಾಕ್ಸ್ ಮಷೀನಿನ ಪಕ್ಕ, ಮಾನಿಟರೂ ಕೀಬೋರ್ಡೂ ಇಲ್ಲದ ಒಂದು ಲಿನಕ್ಸ್ ಸರ್ವರ್ ಇತ್ತು. ಅದರ ಉಸ್ತುವಾರಿ ನನ್ನದು. ಒಂದು ಮಳೆಗಾಲದ ಬೆಳಗ್ಗೆ ಕರೆಂಟ್ ಹೋಯಿತು, ಬಂತು, ಒಂದೇ ನಿಮಿಷದಲ್ಲಿ ಮತ್ತೆ ಹೋಯಿತು, ಮತ್ತೆ ಬಂತು. ಯುಪಿಎಸ್ ಬ್ಯಾಟರಿ ಯಾವತ್ತೋ ಸತ್ತಿತ್ತು. ಒಂಬತ್ತೂವರೆಗೆ ಎಲ್ಲರೂ ಬಂದು ಕೂತರೆ ಯಾರಿಗೂ ಫೈಲ್ ಸಿಗುತ್ತಿಲ್ಲ. ಸರ್ವರಿನ ಫ್ಯಾನ್ ತಿರುಗುತ್ತಿದೆ, ದೀಪ ಉರಿಯುತ್ತಿದೆ, ನೆಟ್‌ವರ್ಕಿನಲ್ಲಿ ಮಾತ್ರ ಪತ್ತೆ ಇಲ್ಲ. ಪಕ್ಕದ ಟೇಬಲ್ಲಿನ ಮಾನಿಟರ್ ತಂದು ಸಿಕ್ಕಿಸಿ ನೋಡಿದರೆ ಗ್ರಬ್ ಮೆನು. ಯಾರಾದರೂ ಬಂದು ಎಂಟರ್ ಒತ್ತಲಿ ಅಂತ ಕಾಯ್ತಾ ಕೂತಿದೆ. ಒತ್ತಿದೆ. ಎರಡು ನಿಮಿಷದಲ್ಲಿ ಎಲ್ಲ ಸರಿಹೋಯಿತು.

ನನಗೆ ಬಗೆಹರಿಯದೆ ಉಳಿದದ್ದು ಒಂದೇ. ಎರಡು ಸೆಕೆಂಡ್ ಕಾದು ಮುಂದೆ ಹೋಗು ಎಂದು ಸೆಟ್ಟಿಂಗ್ ಕಡತದಲ್ಲಿ ನಾನೇ ಕೈಯಾರೆ ಬರೆದಿದ್ದೆ. ಆ ಸಾಲು ಅಲ್ಲೇ ಇತ್ತು. ಹಾಗಾದರೆ ಯಾರ ಮಾತು ಕೇಳಿ ಅದು ಅಷ್ಟು ಹೊತ್ತು ಕಾಯಿತು?

ಉತ್ತರ ಹುಡುಕಲು ಒಂದು ಸಂಜೆ ಹಿಡಿಯಿತು. ಗ್ರಬ್ ಮೇಲೆ ಆ ಲಿನಕ್ಸ್ ಹಂಚಿಕೆಯವರು ತಮ್ಮದೊಂದು ನಿಯಮ ಸೇರಿಸಿದ್ದರು. ಪ್ರತಿ ಸಲ ಬೂಟ್ ಶುರುವಾಗುವಾಗ ಗ್ರಬ್ ಒಂದು ಗುರುತು ಬರೆದಿಡುತ್ತದೆ. ಲಿನಕ್ಸ್ ಪೂರ್ತಿ ಎದ್ದು ನಿಂತ ಮೇಲೆ ಆ ಗುರುತನ್ನು ಅಳಿಸುತ್ತದೆ. ನಡುವೆ ಕರೆಂಟ್ ಹೋದರೆ ಗುರುತು ಉಳಿದುಬಿಡುತ್ತದೆ. ಮುಂದಿನ ಸಲ ಗ್ರಬ್ ಅದನ್ನು ನೋಡಿ "ಕಳೆದ ಸಲ ಏನೋ ಕೆಟ್ಟಿದೆ" ಎಂದು ತಿಳಿದು, ಮಾಮೂಲಿ ಕಾಯುವ ಅವಧಿ ಬಿಟ್ಟು, ವೈಫಲ್ಯದ ನಂತರ ಕಾಯುವ ಅವಧಿ ಎಂಬ ಇನ್ನೊಂದು ಸೆಟ್ಟಿಂಗ್ ಹಿಡಿಯುತ್ತದೆ. ಅಂಥದ್ದೊಂದು ಸೆಟ್ಟಿಂಗ್ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ, ಹಾಗಾಗಿ ಬರೆದಿರಲಿಲ್ಲ. ಬರೆಯದಿದ್ದರೆ ಆಗ ಅದರ ಡೀಫಾಲ್ಟ್ ಹೀಗಿತ್ತು: ಎಷ್ಟು ಹೊತ್ತಾದರೂ ಸರಿ, ಕಾಯಿ. ಎದುರಿಗೆ ಮನುಷ್ಯ ಕೂತಿರುವ ಕಂಪ್ಯೂಟರಿಗೆ ಇದು ವಿವೇಕದ ಆಯ್ಕೆಯೇ. ಮೂಲೆಯಲ್ಲಿ ಒಂಟಿಯಾಗಿರುವ ಪೆಟ್ಟಿಗೆಗೆ ಅಲ್ಲ.

ಅದು ದೋಷವೂ ಅಲ್ಲ, ವೈರಸ್ಸೂ ಅಲ್ಲ. ಯಾರೋ ಯೋಚಿಸಿಯೇ ಇಟ್ಟ ಡೀಫಾಲ್ಟ್, ನಾನು ಯೋಚಿಸಿಯೇ ಬರೆದ ಓವರ್‌ರೈಡ್. ಎರಡೂ ತಂತಮ್ಮ ಜಾಗದಲ್ಲಿ ಸರಿ ಇದ್ದವು. ಕೆಟ್ಟಿದ್ದು ಅವುಗಳ ನಡುವಿನ ಸಂಬಂಧ.

ಬೂಟ್‌ಲೋಡರ್‌ಗೇ ಯಾಕೆ ಇಷ್ಟು ಕಷ್ಟ

ಗುಂಡಿ ಒತ್ತಿದ ಮೇಲೆ ಆಪರೇಟಿಂಗ್ ಸಿಸ್ಟಂ ಬರುವವರೆಗಿನ ಕೆಲವು ಕ್ಷಣಗಳನ್ನು ನೋಡಿಕೊಳ್ಳುವ ಪುಟ್ಟ ತಂತ್ರಾಂಶವೇ ಬೂಟ್‌ಲೋಡರ್. ಕರ್ನಲ್ ಎಲ್ಲಿದೆ, ಅದಕ್ಕೆ ಏನು ಹೇಳಿ ಕಳಿಸಬೇಕು, ಎಷ್ಟು ಹೊತ್ತು ಕಾಯಬೇಕು, ಸೋತರೆ ಮುಂದೇನು: ಇಷ್ಟು ತಿಳಿದಿದ್ದರೆ ಅದರ ಕೆಲಸ ಮುಗಿಯಿತು. ಪಿಸಿಯ ಲಿನಕ್ಸಿನಲ್ಲಿ ಸಾಮಾನ್ಯವಾಗಿ ಗ್ರಬ್ ಇರುತ್ತದೆ. ರೌಟರು, ಸೆಟ್‌ಟಾಪ್ ಬಾಕ್ಸು, ಕಾರ್ಖಾನೆಯ ನಿಯಂತ್ರಣ ಫಲಕಗಳಂಥ ಕಡೆ ಬಹಳಷ್ಟು ಸಲ ಯು-ಬೂಟ್. ನಿಮ್ಮ ಫೋನಿನಲ್ಲಿ ಅದರದೇ ಇನ್ನೊಂದು ಜಾತಿ.

ಬೇರೆ ಯಾವ ತಂತ್ರಾಂಶದಲ್ಲಿ ಸೆಟ್ಟಿಂಗ್ ತಪ್ಪಿದರೂ ದೂರು ಹೇಳಲು ಒಂದು ತೆರೆ ಇರುತ್ತದೆ, ಲಾಗ್ ಬರೆಯಲು ಒಂದು ಡಿಸ್ಕ್ ಇರುತ್ತದೆ, ದೂರದಿಂದ ಒಳಗೆ ಹೋಗಿ ಸರಿಮಾಡಲು ನೆಟ್‌ವರ್ಕ್ ಇರುತ್ತದೆ. ಬೂಟ್‌ಲೋಡರ್ ಓಡುವ ಹೊತ್ತಿಗೆ ಇವು ಯಾವುವೂ ಹುಟ್ಟಿರುವುದಿಲ್ಲ. ತಪ್ಪಿದರೆ ಮನುಷ್ಯನೇ ಅಲ್ಲಿಗೆ ಹೋಗಬೇಕು.

ಮೈಸೂರಿಗರಿಗೆ ಗೊತ್ತಿರುವ ಒಂದು ವಸ್ತುವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕೆಎಸ್‌ಆರ್‌ಟಿಸಿ 2012ರಲ್ಲಿ ಇಲ್ಲಿನ ಸುಮಾರು 500 ನಗರ ಸಾರಿಗೆ ಬಸ್ಸುಗಳಿಗೆ ಜಿಪಿಎಸ್ ಸಾಧನ ಹಾಕಿ, ನಿಲ್ದಾಣಗಳಲ್ಲಿ "ಮುಂದಿನ ಬಸ್ ಇಷ್ಟು ನಿಮಿಷಕ್ಕೆ" ಎನ್ನುವ ಎಲ್‌ಇಡಿ ಫಲಕಗಳನ್ನು ನಿಲ್ಲಿಸಿತ್ತು. ಯೋಜನೆಯ ಹೆಸರು ಮಿತ್ರ. ಆ ಫಲಕಗಳನ್ನು ಪಕ್ಕಕ್ಕಿಟ್ಟು, ಅಂಥದ್ದೇ ಒಂದನ್ನು ಇವತ್ತು ನಾವು ಹೊಸದಾಗಿ ಮಾಡುತ್ತಿದ್ದೇವೆ ಅಂದುಕೊಳ್ಳಿ. ಕಲ್ಪನೆ ಅಷ್ಟೇನೂ ದೂರದ್ದಲ್ಲ: ಸರ್ಕ್ಯೂಟ್ ಬೋರ್ಡ್ ಜೋಡಿಸುವ ಕೇನ್ಸ್ ಟೆಕ್ನಾಲಜಿ 1988ರಿಂದ ಇದೇ ಊರಿನಲ್ಲಿದೆ, ಬರೀ ಬೋರ್ಡ್ ತಯಾರಿಸುವ ಎಟಿ ಆಂಡ್ ಎಸ್ ಪಕ್ಕದ ನಂಜನಗೂಡಿನಲ್ಲಿದೆ.

ನಮ್ಮ ಈ ಫಲಕದ ಒಳಗೆ ಎಷ್ಟು ಜನರ ಮಾತು ಸೇರುತ್ತದೆ ನೋಡಿ. ಚಿಪ್ ತಯಾರಿಸಿದವರು ತಮ್ಮ ಡೀಫಾಲ್ಟ್ ಕೊಟ್ಟಿರುತ್ತಾರೆ. ಬೋರ್ಡ್ ಮಾಡಿದವರು ಅದರ ಮೇಲೆ "ನಮ್ಮಲ್ಲಿ ಮೆಮೊರಿ ಇಷ್ಟು, ತೆರೆ ಇಂಥದ್ದು" ಎನ್ನುತ್ತಾರೆ. ಕಾರ್ಖಾನೆಯಲ್ಲಿ ಪ್ರತಿ ಫಲಕಕ್ಕೂ ಸೀರಿಯಲ್ ನಂಬರ್ ಬೀಳುತ್ತದೆ. ಸಾರಿಗೆ ಸಂಸ್ಥೆ ಇಡೀ ಊರಿಗೆ ಒಂದಷ್ಟು ಹೇಳುತ್ತದೆ. ಯಾವುದೋ ಒಂದು ನಿಲ್ದಾಣದಲ್ಲಿ ಮಾತ್ರ ನೆಟ್‌ವರ್ಕ್ ಬೇರೆ, ಅದಕ್ಕೊಂದು ಬದಲಾವಣೆ. ಕೊನೆಗೆ ಏಣಿ ಹತ್ತಿ ನಿಂತ ರಿಪೇರಿಯವರು ಈ ಒಂದು ಸಲಕ್ಕೆ ಬೇರೆ ರೀತಿ ಬೂಟ್ ಮಾಡಿ ನೋಡಬೇಕು. ಆರು ಪದರ. ಒಂದೇ ವಿಷಯದ ಬಗ್ಗೆ ಇಬ್ಬರು ಬೇರೆ ಬೇರೆ ಹೇಳಿದರೆ ಯಾರ ಮಾತು ನಡೆಯಬೇಕು? ವಿನ್ಯಾಸ ಅಂದರೆ ಇಲ್ಲಿ ಈ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಡುವುದು.

ಗ್ರಬ್: ನಾವು ಬರೆಯುವ ಕಡತ ಬೇರೆ, ಅದು ಓದುವ ಕಡತ ಬೇರೆ

ಹಳೆಯ ಗ್ರಬ್‌ನಲ್ಲಿ ಎಲ್ಲವೂ ಒಂದೇ ಕಡತ, ಮೆನು ಡಾಟ್ ಎಲ್‌ಎಸ್‌ಟಿ. ಅದನ್ನೇ ಮನುಷ್ಯ ತಿದ್ದಬೇಕು, ಅದನ್ನೇ ಕರ್ನಲ್ ಅಪ್‌ಡೇಟ್ ಕೂಡ ತಿದ್ದಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕೆಡಿಸುವುದು ಸಹಜವಾಗಿತ್ತು. ಗ್ರಬ್ 2 ಬಂದಾಗ (ಉಬುಂಟು ಅದನ್ನು 2009ರ 9.10 ಆವೃತ್ತಿಯಿಂದ ಬಳಸಲು ಶುರು ಮಾಡಿತು) ಮೂರು ಪಾಲಾಯಿತು. ಇಟಿಸಿ ಫೋಲ್ಡರಿನ ಒಳಗೆ ಡೀಫಾಲ್ಟ್ ಎಂಬಲ್ಲಿ ಗ್ರಬ್ ಹೆಸರಿನ ಒಂದು ಕಡತ, ನಮ್ಮ ಆಯ್ಕೆಗಳಿಗೆ. ಗ್ರಬ್ ಡಾಟ್ ಡಿ ಎಂಬ ಫೋಲ್ಡರಿನಲ್ಲಿ ಅಂಕಿ ಹಾಕಿದ ಸ್ಕ್ರಿಪ್ಟುಗಳು: 10 ಲಿನಕ್ಸ್ ಕರ್ನಲ್‌ಗಳಿಗೆ, 30 ಡಿಸ್ಕಿನಲ್ಲಿರುವ ಬೇರೆ ಸಿಸ್ಟಂಗಳನ್ನು ಹುಡುಕಲು, 40 ನಮ್ಮ ಸ್ವಂತ ಸಾಲುಗಳಿಗೆ. ಇವೆರಡನ್ನೂ ಅರೆದು ತಯಾರಾಗುವುದು ಗ್ರಬ್ ಡಾಟ್ ಸಿಎಫ್‌ಜಿ. ಬೂಟ್ ಆಗುವಾಗ ಓದುವುದು ಈ ಮೂರನೆಯದನ್ನು ಮಾತ್ರ.

ಆ ಕೊನೆಯ ಕಡತದ ತಲೆಯ ಮೇಲೆಯೇ ಇದನ್ನು ತಿದ್ದಬೇಡಿ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆದರೂ ನಮ್ಮಲ್ಲಿ ಎಷ್ಟೋ ಲ್ಯಾಬುಗಳಲ್ಲಿ ಅದನ್ನೇ ತಿದ್ದುತ್ತಾರೆ, ಯಾಕಂದ್ರೆ ತಕ್ಷಣ ಕೆಲಸ ಆಗುತ್ತೆ. ಮುಂದಿನ ಕರ್ನಲ್ ಅಪ್‌ಡೇಟ್ ಬಂದ ದಿನ ಎಲ್ಲ ಅಳಿಸಿ ಹೋಗುತ್ತದೆ. ಇದರ ತದ್ವಿರುದ್ಧದ ತಪ್ಪೂ ಅಷ್ಟೇ ಸಾಮಾನ್ಯ: ಮೇಲಿನ ಕಡತ ಸರಿಯಾಗಿ ತಿದ್ದಿ, ಮತ್ತೆ ಅರೆಯಲು ಹೇಳುವ ಆಜ್ಞೆ ಕೊಡದೆ ರೀಬೂಟ್ ಮಾಡುವುದು.

ಪದರಗಳನ್ನು ಮುಂಚೆಯೇ ಅರೆದಿಡುವುದೋ, ಬೂಟ್ ಆಗುವ ಹೊತ್ತಿಗೇ ಒಂದರ ಮೇಲೊಂದು ಓದುವುದೋ ಎಂಬುದು ಬೂಟ್‌ಲೋಡರ್ ವಿನ್ಯಾಸದ ಮೊದಲ ಆಯ್ಕೆ. ಗ್ರಬ್ ಮೊದಲನೆಯ ದಾರಿ ಹಿಡಿದಿದೆ. ಲಾಭ ಏನೆಂದರೆ ತೂಕದ ಕೆಲಸವೆಲ್ಲ ಲಿನಕ್ಸ್ ಎದ್ದಿರುವಾಗಲೇ ಮುಗಿಯುತ್ತದೆ, ತಪ್ಪಿದ್ದರೆ ಆಗಲೇ ಗೊತ್ತಾಗುತ್ತದೆ. ನಷ್ಟ ಏನೆಂದರೆ ಬರೆದದ್ದಕ್ಕೂ ನಡೆಯುವುದಕ್ಕೂ ನಡುವೆ ಒಂದು ಹೆಜ್ಜೆ ಬಿದ್ದಿರುತ್ತದೆ, ಮನುಷ್ಯರು ಆ ಹೆಜ್ಜೆ ಮರೆಯುತ್ತಾರೆ.

ಡೆಬಿಯನ್ ಮತ್ತು ಉಬುಂಟು ಇದಕ್ಕೆ ಇನ್ನೊಂದು ಪದರ ಸೇರಿಸಿವೆ. ಡೀಫಾಲ್ಟ್ ಫೋಲ್ಡರಿನೊಳಗೆ ಗ್ರಬ್ ಡಾಟ್ ಡಿ ಹೆಸರಿನದೇ ಒಂದು ಉಪಫೋಲ್ಡರು. ಅದರೊಳಗೆ ಎಷ್ಟು ಬೇಕಾದರೂ ಚಿಕ್ಕ ಚಿಕ್ಕ ಕಡತ ಹಾಕಬಹುದು. ಒಳ್ಳೆಯ ಉಪಾಯ. ಬೇರೆ ಬೇರೆಯವರು ಒಂದೇ ಕಡತಕ್ಕೆ ಕೈ ಹಾಕಬೇಕಿಲ್ಲ. ಆದರೆ ಈ ಚಿಕ್ಕ ಕಡತಗಳನ್ನು ಓದುವುದು ಮುಖ್ಯ ಕಡತದ ನಂತರ. ಉಬುಂಟುವಿನ ಕ್ಲೌಡ್ ಇಮೇಜುಗಳಲ್ಲಿ ಇಂಥದ್ದೊಂದು ಕಡತ ಮೊದಲೇ ಇರುತ್ತದೆ, 50ರಿಂದ ಶುರುವಾಗುವ ಹೆಸರಿನದು, ಕರ್ನಲ್‌ಗೆ ಕಳಿಸುವ ಸಾಲನ್ನು ಅದು ತಾನೇ ಬರೆಯುತ್ತದೆ. ಬಾಡಿಗೆಗೆ ವರ್ಚುವಲ್ ಮಷೀನ್ ಹಿಡಿದವರು ಪುಸ್ತಕದಲ್ಲಿ ಹೇಳಿದಂತೆ ಮುಖ್ಯ ಕಡತ ತಿದ್ದುತ್ತಾರೆ, ಮತ್ತೆ ಅರೆಯುತ್ತಾರೆ, ರೀಬೂಟ್ ಮಾಡುತ್ತಾರೆ. ಏನೂ ಬದಲಾಗಿರುವುದಿಲ್ಲ. ಎಲ್ಲೂ ಎರರ್ ಇಲ್ಲ. ಇಮೇಜ್ ತಯಾರಿಸಿದವರ ಕಡತ ಬಳಕೆದಾರನ ಕಡತದ ಮೇಲೆ ಕೂತಿದೆ, ಅಷ್ಟೇ.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಇದು ತಲೆಕೆಳಗಾದ ಕ್ರಮ. ತಯಾರಕರ ಮಾತು ಕೆಳಗಿರಬೇಕು, ಮಷೀನಿನ ಯಜಮಾನನ ಮಾತು ಮೇಲಿರಬೇಕು. ಸಿಸ್ಟಂಡಿ ಇದನ್ನು ಸರಿಯಾಗಿ ಮಾಡಿದೆ. ತಯಾರಕರ ಕಡತಗಳು ಯುಎಸ್‌ಆರ್ ಫೋಲ್ಡರಿನ ಕೆಳಗೆ, ಯಜಮಾನನವು ಇಟಿಸಿಯಲ್ಲಿ. ಒಂದೇ ಹೆಸರಿನ ಕಡತ ಎರಡೂ ಕಡೆ ಇದ್ದರೆ ಇಟಿಸಿಯದ್ದೇ ಗೆಲ್ಲುತ್ತದೆ. ಮಾತು ಯಾರದ್ದು ಎನ್ನುವುದು ಅದು ಇರುವ ಜಾಗದಿಂದಲೇ ಗೊತ್ತಾಗುತ್ತದೆ.

ಗ್ರಬ್‌ನಲ್ಲೂ ಕಲಿಯಬೇಕಾದ ಒಂದು ಸೊಗಸಿದೆ. ಕರ್ನಲ್‌ಗೆ ಕಳಿಸುವ ಮಾತಿಗೆ ಅದು ಎರಡು ಪಾತ್ರೆ ಇಟ್ಟಿದೆ. ಒಂದರಲ್ಲಿ ಹಾಕಿದ್ದು ಎಲ್ಲ ಬೂಟ್‌ಗಳಿಗೂ ಹೋಗುತ್ತದೆ. ಹೆಸರಿನ ಕೊನೆಗೆ ಡೀಫಾಲ್ಟ್ ಎಂದಿರುವ ಇನ್ನೊಂದರಲ್ಲಿ ಹಾಕಿದ್ದು ಮಾಮೂಲಿ ಬೂಟ್‌ಗೆ ಮಾತ್ರ; ರಿಕವರಿ ಮೆನುವಿಗೆ ಹೋಗುವುದಿಲ್ಲ. ಅಂದರೆ ನೀವು ಎಂಥ ವಿಚಿತ್ರ ಆಯ್ಕೆ ಬರೆದು ಎಡವಿದರೂ, ಎದ್ದು ನಿಲ್ಲಲು ಆ ಆಯ್ಕೆ ಇಲ್ಲದ ಒಂದು ದಾರಿ ಉಳಿದಿರುತ್ತದೆ. ಇವು ಒಂದನ್ನೊಂದು ಅಳಿಸುವುದಿಲ್ಲ, ಕೂಡಿಕೊಳ್ಳುತ್ತವೆ. ಯಾವ ಸೆಟ್ಟಿಂಗ್ ಹಳೆಯದನ್ನು ತಳ್ಳಿ ಕೂರುತ್ತದೆ, ಯಾವುದು ಹಳೆಯದರ ಬಾಲಕ್ಕೆ ಸೇರುತ್ತದೆ ಎಂದು ಪ್ರತಿಯೊಂದಕ್ಕೂ ಹೇಳಿರಬೇಕು. ಇಲ್ಲದಿದ್ದರೆ ಗೊಂದಲ ಕರ್ನಲ್‌ವರೆಗೂ ಹೋಗುತ್ತದೆ: ಅದಕ್ಕೆ ಎರಡು ಕನ್ಸೋಲ್ ಹೇಳಿದರೆ ಎರಡೂ ಕಡೆ ಸಂದೇಶ ಬರುತ್ತದೆ, ಆದರೆ ಮುಖ್ಯ ಕನ್ಸೋಲ್ ಪಟ್ಟ ಕೊನೆಯಲ್ಲಿ ಬರೆದದ್ದಕ್ಕೆ.

ಯು-ಬೂಟ್: ಉಳಿಸಿದ್ದು ಎಷ್ಟು?

ಜರ್ಮನಿಯ ವೂಲ್ಫ್‌ಗಾಂಗ್ ಡೆಂಕ್ 2000ದ ಸುಮಾರಿಗೆ ಪವರ್‌ಪಿಸಿ ಚಿಪ್ಪುಗಳಿಗಾಗಿ ಬೆಳೆಸಿದ ಪಿಪಿಸಿಬೂಟ್, ಬೇರೆ ಚಿಪ್ಪುಗಳಿಗೂ ಹಬ್ಬಿ 2002ರಲ್ಲಿ ಯು-ಬೂಟ್ ಎಂಬ ಹೆಸರು ಪಡೆಯಿತು. ನಮ್ಮ ಬಸ್ ಫಲಕಕ್ಕೆ ನಾನಾದರೆ ಇದನ್ನೇ ಹಾಕುತ್ತಿದ್ದೆ. ಆದರೆ ಅದರಲ್ಲಿ ಒಂದು ಹಳ್ಳ ಇದೆ, ಈ ಲೇಖನ ಬರೆಯಲು ಕಾರಣವೇ ಅದು ಎನ್ನಬಹುದು.

ಯು-ಬೂಟ್‌ನಲ್ಲಿ ಸೆಟ್ಟಿಂಗ್‌ಗಳ ಗುಂಪಿಗೆ ಎನ್ವಿರಾನ್‌ಮೆಂಟ್ ಎನ್ನುತ್ತಾರೆ. ಅದರ ಒಂದು ಪ್ರತಿ ಯು-ಬೂಟ್ ಒಳಗೇ, ಕಂಪೈಲ್ ಮಾಡುವಾಗಲೇ ಸೇರಿರುತ್ತದೆ. ಇನ್ನೊಂದು ಫ್ಲ್ಯಾಶ್ ಮೆಮೊರಿಯಲ್ಲಿ ಉಳಿಸಿದ್ದು. ಶುರುವಾದ ತಕ್ಷಣ ಉಳಿಸಿದ್ದನ್ನು ಓದಿ ಅದರ ಸಿಆರ್‌ಸಿ ಲೆಕ್ಕ ತಾಳೆಯಾಗುತ್ತದೆಯೇ ನೋಡುತ್ತದೆ. ತಾಳೆಯಾದರೆ ಅದು, ಇಲ್ಲದಿದ್ದರೆ ಒಂದು ಎಚ್ಚರಿಕೆ ಮುದ್ರಿಸಿ ಒಳಗಿನ ಪ್ರತಿ. ಈ ಕೊನೆಯ ಭಾಗ ಚೆನ್ನಾಗಿದೆ. ಎಲ್ಲ ಹಾಳಾದರೂ ಕಾಲಿಗೆ ಸಿಗುವ ಒಂದು ನೆಲ ಇದೆ. ಬೇಕೆಂದರೆ ಫ್ಲ್ಯಾಶಿನಲ್ಲಿ ಎರಡು ಪ್ರತಿ ಇಡಬಹುದು: ಹೊಸದನ್ನು ಬಳಕೆಯಲ್ಲಿಲ್ಲದ ಜಾಗಕ್ಕೆ ಬರೆದು, ಆಮೇಲೆ ಗುರುತು ಬದಲಿಸುತ್ತದೆ. ಬರೆಯುವ ನಡುವೆ ಕರೆಂಟ್ ಹೋದರೆ ಹಳೆಯದು ಹಾಗೇ ಇರುತ್ತದೆ. ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ ಏರ್ಪಾಟು.

ಹಳ್ಳ ಎಲ್ಲಿದೆ ಅಂದರೆ, ಉಳಿಸು ಎಂದಾಗ ಅದು ನೀವು ಬದಲಿಸಿದ ಒಂದನ್ನಲ್ಲ, ಇಡೀ ಎನ್ವಿರಾನ್‌ಮೆಂಟನ್ನು ಉಳಿಸುತ್ತದೆ. ನಮ್ಮ ಊರಿನ ಯಾವುದೋ ಒಂದು ನಿಲ್ದಾಣದ ಫಲಕದಲ್ಲಿ ರಿಪೇರಿಯವರು ಬೂಟ್ ಮುನ್ನ ಕಾಯುವ ಸೆಕೆಂಡು ಮಾತ್ರ ಬದಲಿಸಿ ಉಳಿಸಿದರು ಅನ್ನಿ. ಜೊತೆಗೆ ಆವತ್ತಿನ ಬೂಟ್ ಆಜ್ಞೆ, ಕರ್ನಲ್ ಇರುವ ವಿಳಾಸ, ಇನ್ನೂ ಹತ್ತಾರು ಮೌಲ್ಯಗಳು ಆ ಫಲಕದಲ್ಲಿ ಹೆಪ್ಪುಗಟ್ಟಿದವು. ಅವರು ಅವನ್ನು ಆರಿಸಿರಲಿಲ್ಲ, ನೋಡಿಯೂ ಇರಲಿಲ್ಲ. ಎರಡು ವರ್ಷದ ನಂತರ ಹೊಸ ಆವೃತ್ತಿ ಬರುತ್ತದೆ; ಕರ್ನಲ್ ಬೇರೆ ಜಾಗಕ್ಕೆ ಹೋಗಿದೆ, ಅದಕ್ಕೆ ತಕ್ಕಂತೆ ಒಳಗಿನ ಡೀಫಾಲ್ಟ್ ಬದಲಾಗಿದೆ. ಊರಿನ ಎಲ್ಲ ಫಲಕಗಳೂ ಹೊಸ ಡೀಫಾಲ್ಟ್ ಹಿಡಿದು ಏಳುತ್ತವೆ. ಈ ಒಂದು ಮಾತ್ರ ಹಳೆಯ ವಿಳಾಸದಲ್ಲಿ ಕರ್ನಲ್ ಹುಡುಕುತ್ತಾ ಕೂರುತ್ತದೆ. ಸಿಆರ್‌ಸಿ ಸರಿ ಇದೆ, ಆದ್ದರಿಂದ ಆ ಸುರಕ್ಷಿತ ನೆಲಕ್ಕೂ ಅದು ಇಳಿಯುವುದಿಲ್ಲ.

ನನಗೆ ತಮಾಷೆ ಅನ್ನಿಸುವುದು, ಇದೇ ಯು-ಬೂಟ್ ತನ್ನನ್ನು ಕಂಪೈಲ್ ಮಾಡುವ ಸೆಟ್ಟಿಂಗ್‌ಗಳ ವಿಷಯದಲ್ಲಿ ಎಷ್ಟು ಜಾಣತನ ತೋರಿಸಿದೆ ಎನ್ನುವುದು. ಲಿನಕ್ಸ್ ಕರ್ನಲ್‌ನಿಂದ ತಂದ ಕೆಕಾನ್ಫಿಗ್ ಪದ್ಧತಿ ಅದರಲ್ಲಿದೆ. ಪ್ರತಿ ಬೋರ್ಡಿಗೂ ಒಂದು ಡೆಫ್‌ಕಾನ್ಫಿಗ್ ಕಡತ. ಅದನ್ನು ಉಳಿಸುವ ಆಜ್ಞೆ ಡೀಫಾಲ್ಟ್‌ಗಿಂತ ಬೇರೆಯಾದ ಸಾಲುಗಳನ್ನು ಮಾತ್ರ ಉಳಿಸುತ್ತದೆ. ಮೂಲದಲ್ಲಿ ಒಂದು ಡೀಫಾಲ್ಟ್ ಸುಧಾರಿಸಿದರೆ ಅದರ ಬಗ್ಗೆ ಏನೂ ಹೇಳದ ಬೋರ್ಡುಗಳಿಗೆಲ್ಲ ತಾನಾಗಿ ಸಿಗುತ್ತದೆ. ಒಂದೇ ಮನೆಯಲ್ಲಿ ಎರಡು ನೀತಿ.

ಬದಲಾದದ್ದನ್ನು ಮಾತ್ರ ಉಳಿಸು ಎನ್ನುವುದು ಇಲ್ಲಿನ ಎಲ್ಲಕ್ಕಿಂತ ಮುಖ್ಯ ನಿಯಮ ಎಂದು ನನ್ನ ನಂಬಿಕೆ. ಯು-ಬೂಟ್‌ನಲ್ಲೂ ಅದಕ್ಕೆ ದಾರಿಗಳಿವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ಪಿನ ಬೀಗಲ್‌ಬೋನ್ ಬೋರ್ಡುಗಳಲ್ಲಿ ಯುಎನ್ವಿ ಎಂಬ ಸಾದಾ ಪಠ್ಯ ಕಡತ ಮೆಮೊರಿ ಕಾರ್ಡಿನಲ್ಲಿರುತ್ತದೆ. ಬೇಕಾದ ನಾಲ್ಕು ಸಾಲು ಬರೆದರೆ ಡೀಫಾಲ್ಟ್ ಮೇಲೆ ಅಷ್ಟೇ ಕೂರುತ್ತದೆ, ಕಾರ್ಡ್ ತೆಗೆದರೆ ಹೋಯಿತು. ಅದೇ ಬೋರ್ಡುಗಳ ಡೀಫಾಲ್ಟ್‌ನಲ್ಲಿ ಆಪ್ಟ್‌ಆರ್ಗ್ಸ್ ಎಂಬ ಖಾಲಿ ಹೆಸರೊಂದನ್ನು ಬಳಕೆದಾರರಿಗೆಂದೇ ಬಿಟ್ಟಿದ್ದಾರೆ, ಕರ್ನಲ್‌ಗೆ ಹೆಚ್ಚಿನ ಮಾತು ಸೇರಿಸಬೇಕಾದವರು ಇಡೀ ಬೂಟ್ ಆಜ್ಞೆಯನ್ನು ನಕಲು ಮಾಡಿ ತಿದ್ದಬೇಕಿಲ್ಲ. ಉಳಿಸಿದ್ದರಲ್ಲಿ ಪಟ್ಟಿಯಲ್ಲಿರುವ ಹೆಸರುಗಳನ್ನು ಮಾತ್ರ ಒಳಗೆ ಬಿಡು, ಉಳಿದದ್ದಕ್ಕೆ ನನ್ನ ಡೀಫಾಲ್ಟೇ ಇರಲಿ ಎನ್ನುವ ಕಂಪೈಲ್ ಆಯ್ಕೆಯೂ ಇದೆ. ಬಸ್ ಫಲಕಕ್ಕೆ ನಾನು ಈ ಕೊನೆಯದನ್ನು ಹಾಕುತ್ತೇನೆ. ಸೀರಿಯಲ್ ನಂಬರು, ಮ್ಯಾಕ್ ವಿಳಾಸಗಳನ್ನಂತೂ ಬೇರೆಯೇ ಚಿಪ್ಪಿನಲ್ಲಿಡಬೇಕು. ಅವು ಫಲಕದ ಗುರುತು, ಆಯ್ಕೆಯಲ್ಲ. ಡೀಫಾಲ್ಟ್‌ಗೆ ಮರಳುವ ಕೆಲಸದಲ್ಲಿ ಅವೂ ಅಳಿಸಿಹೋಗುವಂತೆ ಇರಕೂಡದು.

ಬದಲಾದದ್ದನ್ನು ಮಾತ್ರ ಉಳಿಸುವಾಗ ಒಂದು ಸಣ್ಣ ತೊಡಕು ಬರುತ್ತದೆ. "ನಾನೇನೂ ಹೇಳಿಲ್ಲ" ಮತ್ತು "ನನಗೆ ಏನೂ ಬೇಡ" ಎರಡೂ ಬೇರೆ ಮಾತು. ಯು-ಬೂಟ್‌ನಲ್ಲಿ ಒಂದು ಹೆಸರಿಗೆ ಖಾಲಿ ಮೌಲ್ಯ ಕೊಟ್ಟರೆ ಆ ಹೆಸರೇ ಅಳಿದುಹೋಗುತ್ತದೆ. ಶೆಲ್ ಸ್ಕ್ರಿಪ್ಟಿನಲ್ಲಿ ಡೀಫಾಲ್ಟ್ ತುಂಬುವ ಸಾಮಾನ್ಯ ರೀತಿಯೂ ಖಾಲಿಯನ್ನೂ ಇಲ್ಲದ್ದನ್ನೂ ಒಂದೇ ಎಂದು ನೋಡುತ್ತದೆ. ಬೇಡ ಎನ್ನಲು ಒಂದು ಪ್ರತ್ಯೇಕ ಪದವೇ ಬೇಕು.

ಹೈಸ್ಕೂಲಿನ ಸಂಧಿ ಪಾಠ

ಡೀಫಾಲ್ಟ್, ಓವರ್‌ರೈಡ್ ಎಂದರೆ ಹೊಸ ವಿದ್ಯೆ ಅಂತ ಅನ್ನಿಸಬಹುದು. ಕನ್ನಡ ಮೀಡಿಯಮ್ಮಿನಲ್ಲಿ ಓದಿದವರೆಲ್ಲ ಇದನ್ನು ಎಂಟನೇ ತರಗತಿಯ ಹೊತ್ತಿಗೇ ಬಾಯಿಪಾಠ ಮಾಡಿದ್ದಾರೆ. ಊರು, ಅಲ್ಲಿ ಸೇರಿದರೆ ಊರಲ್ಲಿ. ಸ್ವರದ ಮುಂದೆ ಸ್ವರ ಬಂದರೆ ಮೊದಲನೆಯದು ಲೋಪ. ಆದರೆ ಗುರು, ಅನ್ನು ಸೇರಿದರೆ ಗುರನ್ನು ಆಗುವುದಿಲ್ಲ. ಲೋಪ ಮಾಡಿದರೆ ಅರ್ಥ ಕೆಡುವಲ್ಲಿ ವಕಾರ ಬಂದು ಗುರುವನ್ನು ಆಗುತ್ತದೆ. ಸಾಮಾನ್ಯ ನಿಯಮ ಒಂದು, ಅದನ್ನು ತಡೆಯುವ ವಿಶೇಷ ನಿಯಮ ಇನ್ನೊಂದು. ಸಂಸ್ಕೃತ ವೈಯಾಕರಣರು ಇವನ್ನು ಉತ್ಸರ್ಗ, ಅಪವಾದ ಎಂದು ಕರೆದರು.

ಪಾಣಿನಿಯ ಸಂಪ್ರದಾಯದಲ್ಲಿ ಎರಡು ತೀರ್ಪುಗಳಿವೆ. ಸಮಬಲದ ಎರಡು ನಿಯಮ ಎದುರುಬದುರಾದರೆ ಅಷ್ಟಾಧ್ಯಾಯಿಯಲ್ಲಿ ನಂತರ ಬರುವುದು ಗೆಲ್ಲುತ್ತದೆ. ಒಂದು ಇನ್ನೊಂದರ ಅಪವಾದವಾಗಿದ್ದರೆ, ಎಲ್ಲೇ ಇರಲಿ, ಅಪವಾದವೇ ಗೆಲ್ಲುತ್ತದೆ. ಮೊದಲನೆಯ ತೀರ್ಪಿನ ಅರ್ಥದ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ನಂತರದ್ದು ಎಂದರೆ ನಿಯಮಗಳ ಪಟ್ಟಿಯಲ್ಲಿ ನಂತರದ್ದಲ್ಲ, ಪದದ ಬಲಭಾಗಕ್ಕೆ ಅನ್ವಯಿಸುವಂಥದ್ದು ಎಂದು ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡಿದ ರಿಷಿ ರಾಜಪೋಪಟ್ ವಾದಿಸಿದ್ದು 2022ರಲ್ಲಿ ಸುದ್ದಿಯಾಗಿತ್ತು. ಯಾವ ನಿಯಮ ಯಾವುದನ್ನು ತಳ್ಳುತ್ತದೆ ಎಂಬ ಒಂದು ಸಾಲು ಅಸ್ಪಷ್ಟವಾದರೆ ಎರಡು ಸಾವಿರ ವರ್ಷ ಚರ್ಚೆ ನಡೆಯಬಹುದು!

ಬೂಟ್‌ಲೋಡರ್‌ಗಳಲ್ಲೂ ಇವೇ ಎರಡು ತೀರ್ಪು, ಇದೇ ಗೊಂದಲ. ರಾಸ್‌ಬೆರಿ ಪೈ ಬೋರ್ಡಿನ ಕಾನ್ಫಿಗ್ ಕಡತದಲ್ಲಿ ಆವರಣದೊಳಗೆ ಪೈ4 ಎಂದು ಬರೆದು ಅದರ ಕೆಳಗೆ ಹಾಕಿದ್ದು ಆ ಮಾದರಿಗೆ ಮಾತ್ರ. ಆಲ್ ಎಂದು ಬರೆದ ಮೇಲೆ ಮತ್ತೆ ಎಲ್ಲಕ್ಕೂ. ನೋಡಿದವರಿಗೆ ಪೈ4 ವಿಭಾಗ ಅಪವಾದದ ಹಾಗೆ ಕಾಣುತ್ತದೆ. ವಾಸ್ತವವಾಗಿ ಅದು ಬರೀ ಜರಡಿ. ಕಡತವನ್ನು ಮೇಲಿನಿಂದ ಕೆಳಗೆ ಓದಿಕೊಂಡು ಹೋಗುತ್ತದೆ. ಕೆಳಗೆ ಆಲ್ ವಿಭಾಗದಲ್ಲಿ ಅದೇ ಸೆಟ್ಟಿಂಗ್ ಮತ್ತೆ ಬಂದರೆ ಸಾಮಾನ್ಯವಾಗಿ ಅದೇ ಉಳಿಯುತ್ತದೆ. ಇದರ ಅವಳಿ ತಪ್ಪು ಇನ್ನೂ ಹೆಚ್ಚು: ಕಡತದ ಕಟ್ಟಕಡೆಗೆ ಒಂದು ಸಾಲು ಸೇರಿಸುತ್ತೀರಿ, ಮೇಲೆಲ್ಲೋ ಬೇರೆ ಮಾದರಿಯ ಹೆಸರಿನ ವಿಭಾಗ ತೆರೆದೇ ಇದೆ, ನಿಮ್ಮ ಸಾಲು ಅದರೊಳಗೆ ಬಿದ್ದು ನಿಮ್ಮ ಬೋರ್ಡಿಗೆ ತಾಗುವುದೇ ಇಲ್ಲ.

ಹೇಳದೇ ಇದ್ದವರ ಕಥೆ

ಡೀಫಾಲ್ಟ್ ಬದಲಿಸುವುದು ಎಂದರೆ ಏನೂ ಬರೆಯದ ಎಲ್ಲರ ಪರವಾಗಿ ಒಂದೇ ಏಟಿಗೆ ಬರೆದಂತೆ. 2021ರಲ್ಲಿ ಬಂದ ಗ್ರಬ್ 2.06 ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿಯವರೆಗೆ ಗ್ರಬ್ ಡಿಸ್ಕಿನಲ್ಲಿ ವಿಂಡೋಸ್ ಇದೆಯೇ ಎಂದು ತಾನೇ ಹುಡುಕಿ ಮೆನುವಿಗೆ ಸೇರಿಸುತ್ತಿತ್ತು. ಬೇರೆ ಬೇರೆ ಪಾರ್ಟಿಷನ್‌ಗಳನ್ನು ಹೀಗೆ ತೆರೆದು ನೋಡುವುದು ಸುರಕ್ಷತೆಗೆ ಒಳ್ಳೆಯದಲ್ಲ ಎಂದು ಈ ಆವೃತ್ತಿಯಲ್ಲಿ ಆ ಹುಡುಕಾಟವನ್ನು ಡೀಫಾಲ್ಟ್ ಆಗಿ ನಿಲ್ಲಿಸಿದರು. ಕಾರಣ ಸರಿಯೇ. ಆದರೆ ಒಂದೇ ಲ್ಯಾಪ್‌ಟಾಪಿನಲ್ಲಿ ಎರಡೂ ಇಟ್ಟುಕೊಂಡ ವಿದ್ಯಾರ್ಥಿಯೊಬ್ಬಳ ಮಟ್ಟಿಗೆ ಆದದ್ದು ಇಷ್ಟು: ಅಪ್‌ಡೇಟ್ ಹಾಕಿದಳು, ವಿಂಡೋಸ್ ಮೆನುವಿನಿಂದ ಮಾಯ, ನಾಳೆ ಪ್ರಾಜೆಕ್ಟ್ ಸಬ್‌ಮಿಷನ್. ಹುಡುಕಾಟ ಮಾಡುತ್ತಿಲ್ಲ ಎಂಬ ಎಚ್ಚರಿಕೆ ಬಂದಿತ್ತು, ಅಪ್‌ಡೇಟಿನ ನೂರಾರು ಸಾಲುಗಳ ನಡುವೆ ಓಡಿಹೋಗಿತ್ತು.

ಡೀಫಾಲ್ಟ್ ಬದಲಿಸಲೇಬೇಕಾದಾಗ ಹಳೆಯ ಮಷೀನುಗಳಲ್ಲಿ ಹಳೆಯ ನಡವಳಿಕೆಯನ್ನೇ ಒಂದು ಓವರ್‌ರೈಡ್ ಸಾಲಾಗಿ ಬರೆದಿಟ್ಟು, ಹೊಸದಾಗಿ ಹಾಕುವವರಿಗೆ ಮಾತ್ರ ಹೊಸ ಡೀಫಾಲ್ಟ್ ಕೊಡುವುದು ಮರ್ಯಾದೆಯ ದಾರಿ. ಕೆಲಸ ಹೆಚ್ಚು. ಆದರೂ ಮಾಡಬೇಕು.

ಈ ಸಲಕ್ಕೆ ಮಾತ್ರ

ಎಲ್ಲ ಪದರಗಳ ಮೇಲೆ ಒಂದು ತೆಳು ಪದರ: ಒಂದೇ ಬೂಟ್ ಆಯುಷ್ಯದ್ದು. ಗ್ರಬ್‌ನಲ್ಲೂ ಸಿಸ್ಟಂಡಿ-ಬೂಟ್‌ನಲ್ಲೂ ಇದು ಇದೆ. ಇವತ್ತಿನ ಪಿಸಿಗಳ ಯುಇಎಫ್‌ಐ ಫರ್ಮ್‌ವೇರಿನಲ್ಲಿ ಮಾಮೂಲಿ ಸರದಿಗೆ ಬೂಟ್‌ಆರ್ಡರ್, ಮುಂದಿನ ಒಂದು ಸಲಕ್ಕೆ ಬೂಟ್‌ನೆಕ್ಸ್ಟ್. ಅದರ ಚಂದ ಇರುವುದು ಕ್ರಮದಲ್ಲಿ: ಬೂಟ್‌ನೆಕ್ಸ್ಟ್ ಹೇಳಿದ್ದಕ್ಕೆ ಕೈ ಹಸ್ತಾಂತರಿಸುವ ಮೊದಲೇ ಫರ್ಮ್‌ವೇರ್ ಆ ಸಾಲನ್ನು ಅಳಿಸಿಬಿಡುತ್ತದೆ. ಪ್ರಯೋಗ ಗೆದ್ದ ಮೇಲೆ ಅಳಿಸೋಣ ಅಂತ ಕಾದರೆ, ಸೋತ ಪ್ರಯೋಗವೇ ಮತ್ತೆ ಮತ್ತೆ ನಡೆಯುತ್ತದೆ.

ಲೆಕ್ಕ ಇಡುವ ವಿಧಾನ ಇನ್ನೊಂದು. ಯು-ಬೂಟ್‌ನಲ್ಲಿ ಬೂಟ್ ಪ್ರಯತ್ನಗಳ ಎಣಿಕೆ ಮಿತಿ ದಾಟಿದರೆ ಮಾಮೂಲಿ ಆಜ್ಞೆಯ ಬದಲು ಪರ್ಯಾಯ ಆಜ್ಞೆ ಓಡುತ್ತದೆ. ಸಿಸ್ಟಂಡಿ-ಬೂಟ್ ಎಣಿಕೆಯನ್ನು ಕಡತದ ಹೆಸರಲ್ಲೇ ಇಡುತ್ತದೆ: ಹೆಸರಿನ ಕೊನೆಗೆ ಪ್ಲಸ್ 3 ಎಂದಿದ್ದರೆ ಮೂರು ಅವಕಾಶ, ಪ್ರತಿ ಪ್ರಯತ್ನಕ್ಕೂ ಹೆಸರು ಬದಲಾಗುತ್ತದೆ, ಯಶಸ್ವಿಯಾಗಿ ಎದ್ದರೆ ಆ ಬಾಲ ಹೋಗುತ್ತದೆ. ಆಂಡ್ರಾಯ್ಡ್ 7ರಿಂದ ಬಂದ ಎರಡು ಸ್ಲಾಟ್‌ಗಳ ಅಪ್‌ಡೇಟ್ ಕೂಡ ಇದೇ ಲೆಕ್ಕಾಚಾರ. ನಮ್ಮ ಫಲಕಕ್ಕೆ ಹೊಸ ಆವೃತ್ತಿ ಕಳಿಸುವುದಿದ್ದರೆ ಇದಿಲ್ಲದೆ ಕಳಿಸಕೂಡದು. ಯಾಕಂದ್ರೆ ಇದಿಲ್ಲದಿದ್ದರೆ ಪ್ರತಿ ನಿಲ್ದಾಣಕ್ಕೂ ಏಣಿ ಹೊತ್ತು ಹೋಗಬೇಕಾಗುತ್ತದೆ.

ಯಜಮಾನನ ಕೈಗೂ ಸಿಗಬಾರದ್ದು

ಮಷೀನಿನ ಯಜಮಾನನ ಮಾತು ಮೇಲಿರಬೇಕು ಎಂದೆ. ಅದಕ್ಕೆ ಒಂದು ಅಪವಾದ ಇದೆ. 2020ರ ಜುಲೈನಲ್ಲಿ ಎಕ್ಲಿಪ್ಸಿಯಂ ಎಂಬ ಸಂಸ್ಥೆ ಬೂಟ್‌ಹೋಲ್ ಎಂಬ ದೋಷ ಹೊರಹಾಕಿತು. ಸೆಕ್ಯೂರ್ ಬೂಟ್‌ನಲ್ಲಿ ಗ್ರಬ್ ತಂತ್ರಾಂಶಕ್ಕೆ ಸಹಿ ಇರುತ್ತದೆ, ಆದರೆ ಅದು ಓದುವ ಸೆಟ್ಟಿಂಗ್ ಕಡತಕ್ಕೆ ಸಾಮಾನ್ಯವಾಗಿ ಸಹಿ ಇರುವುದಿಲ್ಲ. ಆ ಪಠ್ಯವನ್ನು ಓದುವ ಕೋಡಿನಲ್ಲೇ ಬಫರ್ ಓವರ್‌ಫ್ಲೋ. ಆಡಳಿತದ ಹಕ್ಕು ಒಮ್ಮೆ ಸಿಕ್ಕವರು ಕಡತದಲ್ಲಿ ಕಿತಾಪತಿ ಮಾಡಿ, ಸಹಿ ಪರೀಕ್ಷೆ ದಾಟಿ, ಆಪರೇಟಿಂಗ್ ಸಿಸ್ಟಂಗಿಂತ ಮೊದಲೇ ತಮ್ಮ ಕೋಡ್ ಓಡಿಸಬಹುದಿತ್ತು. ಅದರ ಮೊದಲ ರಿಪೇರಿಯ ಅಪ್‌ಡೇಟೇ ರೆಡ್ ಹ್ಯಾಟ್, ಸೆಂಟ್ ಓಎಸ್‌ನ ಕೆಲವು ಮಷೀನುಗಳನ್ನು ಏಳದಂತೆ ಮಾಡಿತ್ತು.

ಅಂದರೆ ಯಾರು ಬೇಕಾದರೂ ಬರೆಯಬಲ್ಲ ಪದರದಿಂದ ಏನನ್ನು ಬದಲಿಸಬಹುದು ಎಂಬುದಕ್ಕೆ ಗಡಿ ಬೇಕು. ಕಾಯುವ ಸೆಕೆಂಡು, ತೆರೆಯ ಗಾತ್ರ, ಯಾವ ಕರ್ನಲ್: ಸರಿ. ಸಹಿ ನೋಡಬೇಕೋ ಬೇಡವೋ ಎನ್ನುವ ಪ್ರಶ್ನೆ ಅದೇ ಪೆಟ್ಟಿಗೆಯಲ್ಲಿ ಇರಕೂಡದು. ಇದನ್ನೇ ನೆಪ ಮಾಡಿಕೊಂಡು ಕೊಂಡವರಿಗೆ ಯಾವ ಬಾಗಿಲನ್ನೂ ತೆರೆಯದ ತಯಾರಕರೂ ಇದ್ದಾರೆ, ಬೂಟ್‌ಲೋಡರ್ ಅನ್‌ಲಾಕ್ ಮಾಡಲಾಗದ ಫೋನುಗಳನ್ನು ನೋಡಿ. ಬೀಗ ಇರಲಿ, ಬೀಗದ ಕೈ ಕೊಂಡವರ ಹತ್ತಿರ ಇರಲಿ ಎನ್ನುವುದು ನನ್ನ ಪಕ್ಷ.

ನಿಮ್ಮ ಮಷೀನಿನಲ್ಲಿ ನೋಡುವುದಾದರೆ

ಲಿನಕ್ಸ್ ಇದ್ದರೆ ಮೊದಲು ಡೀಫಾಲ್ಟ್‌ನೊಳಗಿನ ಗ್ರಬ್ ಕಡತ ತೆರೆಯಿರಿ, ಆಮೇಲೆ ಅದರ ಪಕ್ಕದ ಗ್ರಬ್ ಡಾಟ್ ಡಿ ಫೋಲ್ಡರಿನಲ್ಲಿ ಯಾರಾದರೂ ನಿಮಗಿಂತ ನಂತರ ಮಾತಾಡುತ್ತಿದ್ದಾರೆಯೇ ನೋಡಿ. ಅರೆದು ತಯಾರಾದ ಗ್ರಬ್ ಡಾಟ್ ಸಿಎಫ್‌ಜಿ ತಿದ್ದಬೇಡಿ, ಓದಿ: ಯಾವ ತುಂಡು ಯಾವ ಸ್ಕ್ರಿಪ್ಟಿನಿಂದ ಬಂತು ಎಂದು ಶುರು ಮತ್ತು ಕೊನೆಯ ಗುರುತು ಹಾಕಿರುತ್ತದೆ. ಸಿಸ್ಟಂಡಿಯ ಕಡತಗಳಿಗಾದರೆ ಸಿಸ್ಟಂಡಿ-ಡೆಲ್ಟಾ ಎಂಬ ಆಜ್ಞೆ ಯಾರು ಯಾರನ್ನು ತಳ್ಳಿ ಕೂತಿದ್ದಾರೆ ಎಂಬ ಪಟ್ಟಿಯನ್ನೇ ಕೊಡುತ್ತದೆ. ಯು-ಬೂಟ್‌ನ ಮುದ್ರಣ ಆಜ್ಞೆ ಕೊನೆಯ ಮೌಲ್ಯ ತೋರಿಸುತ್ತದೆಯೇ ಹೊರತು ಅದು ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ಈಚಿನ ಆವೃತ್ತಿಗಳಲ್ಲಿ ಎನ್ವಿ ಇನ್ಫೋ ಎಂದು ಕೇಳಿದರೆ ಈಗ ಓಡುತ್ತಿರುವುದು ಒಳಗಿನ ಡೀಫಾಲ್ಟೋ ಅಲ್ಲವೋ ಎಂದಾದರೂ ತಿಳಿಯುತ್ತದೆ.

ಝೆರಾಕ್ಸ್ ಮಷೀನಿನ ಪಕ್ಕದ ಆ ಸರ್ವರಿಗೆ ನಾನು ಕೊನೆಗೆ ಬರೆದದ್ದು ಎರಡು ಸಾಲು. ಒಂದರಲ್ಲಿ ವೈಫಲ್ಯದ ನಂತರ ಕಾಯುವ ಅವಧಿ ಹತ್ತು ಸೆಕೆಂಡು. ಅದರ ಮೇಲೆ, ಹ್ಯಾಷ್ ಗುರುತು ಹಾಕಿ ಒಂದು ಷರಾ: ಇದಕ್ಕೆ ಮಾನಿಟರ್ ಇಲ್ಲ, ಯುಪಿಎಸ್ ನಂಬಬೇಡಿ.